ತಂತಿ ಹಗ್ಗದ ಉಸ್ತಾದ್

ಉಸ್ತಾದ್ ತೀರಿಕೊಂಡ ಸುದ್ದಿ ನನಗೆ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ತಿಳಿಯಿತು. ರಂಗಂಪೇಟೆಯ ಪಂಚರ್ ಅಂಗಡಿಯವನೊಬ್ಬ ನನ್ನ ಗುರುತು ಹಿಡಿದು, "ಆ ಕುಂಟ ಉಸ್ತಾದ್ ಹೋದ್ರಲ್ರಿ, ಹೋದ ಬುಧವಾರ. ನಿಮ್ಮ ಆಫೀಸಿನಾಗೇ ಇದ್ರಲ್ಲ" ಎಂದ. ನಾನು "ಹೌದಾ" ಎಂದೆ. ಬಸ್ಸು ಬಂತು, ಹತ್ತಿದೆ, ಕಿಟಕಿಯ ಪಕ್ಕ ಕೂತೆ. ಶಹಾಪುರ ಬರುವವರೆಗೂ ತಲೆಯಲ್ಲಿ ತಿರುಗಿದ್ದು ಒಂದೇ ಮಾತು. ಅವರನ್ನು ಜನ ಕುಂಟ ಎಂದು ಕರೆಯುವ ಹಾಗೆ ಮಾಡಿದವನು ನಾನು. ಇನ್ನು ಅದನ್ನು ಅವರಿಗೆ ಹೇಳುವ ದಾರಿ ಉಳಿದಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಾಜರಿ ಪುಸ್ತಕ ಬಿಟ್ಟರೆ ಆ ಹೆಸರನ್ನು ಯಾರೂ ಬಳಸುತ್ತಲೂ ಇರಲಿಲ್ಲ. ನಮ್ಮ ರಸ್ತೆ ಆಫೀಸಿನ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಅವರು ಉಸ್ತಾದ್. ನನಗೆ ಅವರು ಇಟ್ಟ ಹೆಸರು ಮುನಶಿ. ನಾನು ಶಹಾಪುರದ ಪಕ್ಕದ ಸಗರದವನು, ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಜಗಳಾಡಿ ಬೆಳೆದವನು, ಆಫೀಸಿನ ಗುಮಾಸ್ತ. ಹಳೆಯ ಕಾಲದವರು ಬರೆಯುವ ಕೆಲಸದವನಿಗೆ ಮುನಶಿ ಎನ್ನುತ್ತಿದ್ದರು, ಅವರು ಅದನ್ನೇ ಬಿಡದೆ ಹಿಡಿದಿದ್ದರು. ನನಗಾಗ ಇಪ್ಪತ್ತಾರು. ಹೊಸದಾಗಿ ಮದುವೆಯಾಗಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಸೊಕ್ಕು ಮಾತ್ರ ಕಾಯಂ ಆಗಿತ್ತು.

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಸರಕಾರ ಹೋಗಿ ಒಂದೆರಡು ಮಳೆಗಾಲ ಕಳೆದಿದ್ದವು. ಶಹಾಪುರದ ನಮ್ಮ ಆಫೀಸಿನ ಬೋರ್ಡನ್ನು ಅಳಿಸಿ ಬೇರೆ ಬರೆದಿದ್ದರು. ಕೆಳಗಿನ ಉರ್ದು ಅಕ್ಷರಗಳು ಹೊಸ ಬಣ್ಣದೊಳಗಿಂದ ಇನ್ನೂ ಕಾಣುತ್ತಿದ್ದವು. ಹಳಬರಲ್ಲಿ ಕೆಲವರು ತಾವಾಗಿ ಬಿಟ್ಟು ಹೋಗಿದ್ದರು, ಕೆಲವರನ್ನು ಬಿಡಿಸಿದ್ದರು. ಉಳಿದವರು ಟಪಾಲು ಬಂದಾಗಲೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಉಸ್ತಾದ್ ಉಳಿದವರಲ್ಲಿ ಒಬ್ಬರು. ಅವರು ಉಳಿದಿದ್ದಕ್ಕೆ ಕಾರಣ ದೊಡ್ಡದೇನಲ್ಲ. ನಮ್ಮಲ್ಲಿದ್ದ ಒಂದು ಲಾರಿಯನ್ನು ಅವರ ಹೊರತು ಯಾರೂ ಮುಟ್ಟುವ ಹಾಗಿರಲಿಲ್ಲ.

ಆ ಲಾರಿ ಮೊದಲು ಮಿಲಿಟರಿಯದು. ಯುದ್ಧ ಮುಗಿದ ಮೇಲೆ ರೈಲಿನಲ್ಲಿ ಯಾದಗಿರಿಗೆ ಬಂದು, ಅಲ್ಲಿಂದ ನಮ್ಮ ಪಾಲಿಗೆ ಬಂದಿತ್ತು. ಅದರ ಮುಂದಿನ ಬಂಪರಿನ ಹತ್ತಿರ ಒಂದು ಕಬ್ಬಿಣದ ಉರುಳೆ, ಉರುಳೆಗೆ ಸುತ್ತಿದ ಹೆಬ್ಬೆರಳು ದಪ್ಪದ ತಂತಿ ಹಗ್ಗ, ಹಗ್ಗದ ತುದಿಗೆ ಒಂದು ಕೊಕ್ಕೆ. ಎಂಜಿನ್ನಿನ ಜೋರನ್ನು ಚಕ್ರಕ್ಕೆ ಕೊಡದೆ ಉರುಳೆಗೆ ಕೊಟ್ಟರೆ ಅದು ಹಗ್ಗ ಸುತ್ತಿಕೊಳ್ಳುತ್ತ, ಸಿಕ್ಕಿಬಿದ್ದ ಗಾಡಿಯನ್ನು ಎಳೆದು ತರುತ್ತದೆ. ಸಾಹೇಬರು ವಿಂಚ್ ಎನ್ನುತ್ತಿದ್ದರು. ಊರವರು ಎಳೆಯೋ ಲಾರಿ ಎನ್ನುತ್ತಿದ್ದರು. ನಮ್ಮ ಕಡೆಯ ಎರೆಭೂಮಿ ಗೊತ್ತಿದ್ದವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಡುವ ಅದೇ ನೆಲ ಎರಡು ಮಳೆ ಬಿದ್ದರೆ ಲಾರಿಯ ಚಕ್ರವನ್ನು ಅಚ್ಚಿನವರೆಗೆ ನುಂಗಿಕೊಂಡು ಸುಮ್ಮನೆ ಕೂತುಬಿಡುತ್ತಿತ್ತು.

ಉಸ್ತಾದ್ ಗಿಡ್ಡಕ್ಕಿದ್ದರು. ಬಿಳಿಯ ಗಡ್ಡವನ್ನು ಒತ್ತಾಗಿ ಕತ್ತರಿಸಿಕೊಳ್ಳುತ್ತಿದ್ದರು, ಖಾಕಿ ಅಂಗಿಯ ಮೇಲಿನ ಗುಂಡಿಯನ್ನು ಸೆಕೆಯಲ್ಲೂ ತೆಗೆಯುತ್ತಿರಲಿಲ್ಲ. ರಂಗಂಪೇಟೆಯಲ್ಲಿ ತೊಗಲಿನ ಕೆಲಸದವರಿಂದ ಹೊಲಿಸಿದ ಕೈಗವಸುಗಳನ್ನು ಹಾಕಿಕೊಳ್ಳದೆ ಹಗ್ಗ ಮುಟ್ಟುತ್ತಿರಲಿಲ್ಲ. ಕೊಕ್ಕೆಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿರುತ್ತಿದ್ದರು. ಹಗ್ಗವನ್ನು ಉರುಳೆಗೆ ಒಳತೆಗೆಯುವಾಗ ಆ ಪಟ್ಟಿಯನ್ನು ಹಿಡಿಯಬೇಕೇ ಹೊರತು ಕೊಕ್ಕೆಯನ್ನಲ್ಲ. ಯಾರಾದರೂ ಯಾಕೆ ಎಂದು ಕೇಳಿದರೆ ತಮ್ಮ ಎರಡೂ ಕೈ ಎತ್ತಿ ತೋರಿಸುತ್ತಿದ್ದರು.

"ಎಣಸ್ರಿ. ಹತ್ತೂ ಅದಾವಲ್ಲ? ಈ ಕೆಲಸದಾಗ ಇಪ್ಪತ್ತು ವರ್ಷ ಆದಮ್ಯಾಲ ಹತ್ತೂ ಇರೋ ಮನಷ್ಯಾನ ಇನ್ನೊಬ್ಬನ್ನ ತೋರಸ್ರಿ."

ಹಗ್ಗ ಬಿಗಿಯುವ ಮೊದಲು ಅವರದೊಂದು ಕ್ರಮವಿತ್ತು. ಲಾರಿಯನ್ನು ಹಿಂದಿನಿಂದ ಸರಪಳಿ ಹಾಕಿ ಬೇವಿನ ಮರಕ್ಕೋ ಬನ್ನಿಯ ಮರಕ್ಕೋ ಬಿಗಿಯುವುದು, ಮರದ ತೊಗಟೆ ಸುಲಿಯದಂತೆ ನಡುವೆ ಗೋಣಿಚೀಲ ಇಡುವುದು. ಬಾನೆಟ್ ಎತ್ತಿ ನಿಲ್ಲಿಸುವುದು. ಹಗ್ಗ ಹರಿದು ಬಂದರೆ ತಗಡಿಗೆ ಬಡಿಯಲಿ, ಮುಖಕ್ಕೆ ಬಡಿಯುವುದು ಬೇಡ. ಆಮೇಲೆ ಹಗ್ಗದ ನಟ್ಟನಡುವೆ ಒಂದು ಕಂಬಳಿ ಹೊದಿಸುವುದು. ಕುರಿ ಕಾಯುವವರ ದಪ್ಪ ಕರೀ ಕಂಬಳಿಯೇ ಆಗಬೇಕು, ಅದೂ ನೀರಲ್ಲಿ ನೆನೆಸಿದ್ದು. ಹಗ್ಗ ಹರಿದರೂ ಕಂಬಳಿಯ ಭಾರಕ್ಕೆ ಅದು ಮೇಲೇಳದೆ ಕೆಳಗೆ ಬೀಳುತ್ತದೆ ಎಂಬುದು ಲೆಕ್ಕ. ಕಡೆಗೆ ಸುಣ್ಣದ ಪುಡಿ ತೆಗೆದುಕೊಂಡು ಹಗ್ಗದ ಎರಡೂ ಬದಿಗೆ, ಹಗ್ಗ ಎಷ್ಟು ಉದ್ದವೋ ಅಷ್ಟು ದೂರದಲ್ಲಿ, ಗೆರೆ ಎಳೆಯುತ್ತಿದ್ದರು. ಗೆರೆಯೊಳಗೆ ಒಂದು ನಾಯಿ ಬಂದರೂ ಎಂಜಿನ್ ನಿಲ್ಲುತ್ತಿತ್ತು.

ಒಮ್ಮೆ ತಹಸೀಲ್ದಾರರು ಗೆರೆಯೊಳಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಉಸ್ತಾದ್ ಎಂಜಿನ್ ಆರಿಸಿ, ಇಳಿದು ಬಂದು, ಕೈ ಕಟ್ಟಿ ನಿಂತು ಹೇಳಿದರು: "ಹುಜೂರ್, ನೀವು ಏಳೋತನ ನಾನೂ ಇಲ್ಲೇ ನಿಂದರ್ತೀನಿ. ಹೋದ್ರ ಇಬ್ರೂ ಕೂಡೇ ಹೋಗೂಣು." ತಹಸೀಲ್ದಾರರು ನಗಲು ನೋಡಿದರು, ಉಸ್ತಾದರ ಮುಖ ಕಂಡು ನಗಲಾಗಲಿಲ್ಲ. ಕುರ್ಚಿ ಎತ್ತಿಸಿಕೊಂಡು ಹೋದರು. ನಮ್ಮಂಥ ಹುಡುಗಬುದ್ಧಿಯವರಿಗೆ ಇದೆಲ್ಲ ತಮಾಷೆ. ಉಸ್ತಾದ್ ಬರುವುದನ್ನು ಕಂಡರೆ ಕ್ಯಾಂಟೀನಿನಲ್ಲಿ ಯಾರಾದರೂ ಮೇಜಿನ ಮೇಲೆ ಸುಣ್ಣದಿಂದ ಗೆರೆ ಎಳೆದು ಕೂರುತ್ತಿದ್ದರು.

ಆ ತಮಾಷೆ ಒಂದು ಮಧ್ಯಾಹ್ನ ನಿಂತಿತು. ನಮ್ಮ ಹಿಂದಿನ ಬಯಲಿನಲ್ಲಿ ಅವರು ಹಗ್ಗದ ಒಂದು ಸವೆದ ತುಂಡನ್ನು ಕಲ್ಲುಗಂಬಕ್ಕೆ ಕಟ್ಟಿ, ಅದರ ನೇರಕ್ಕೆ ಸರಿಯಾಗಿ ಜೋಳದ ದಂಟು ಕಟ್ಟಿದ ಒಂದು ಸಿವುಡು ನಿಲ್ಲಿಸಿ, ನಮ್ಮನ್ನೆಲ್ಲ ಕಟ್ಟೆಯ ಹಿಂದೆ ಕೂರಿಸಿದರು. ವಿಂಚ್ ತಿರುಗಿತು. ಹಗ್ಗ ಮೊದಲು ಕಿರುಗುಟ್ಟಿತು, ಆಮೇಲೆ ಸದ್ದೇ ಇಲ್ಲ. ಆ ಸದ್ದಿಲ್ಲದ ಗಳಿಗೆ ನನಗೆ ಈಗಲೂ ನೆನಪಿದೆ. ಮರುಕ್ಷಣ ಬಂದೂಕು ಹಾರಿದಂತೆ ಒಂದು ಏಟು. ಎದ್ದು ನೋಡಿದರೆ ಸಿವುಡು ನಡುವಿಗೆ ಎರಡಾಗಿತ್ತು. ಮೇಲಿನ ಅರ್ಧ ಎಲ್ಲಿ ಹೋಯಿತೆಂದು ಹುಡುಕಬೇಕಾಯಿತು.

"ಆ ಸಿವುಡಿಗೆ ಹೆಂಡ್ತಿ ಮಕ್ಕಳು ಇರಲಿಲ್ಲ," ಎಂದರು ಉಸ್ತಾದ್. "ಹಗ್ಗ ಮಾತಾಡೋತನ ಭಯ ಇಲ್ಲ. ಸುಮ್ಮನಾತಂದ್ರ ನೀವು ಓಡ್ರಿ."

ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಅವರು ಹಗ್ಗವನ್ನು ಪೂರ್ತಿ ಬಿಚ್ಚಿ ಬಯಲಲ್ಲಿ ಹಾಸುತ್ತಿದ್ದರು. ಒಂದು ಹತ್ತಿಬಟ್ಟೆಯನ್ನು ಹಗ್ಗಕ್ಕೆ ಸುತ್ತಿ ಹಿಡಿದು ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಎಲ್ಲಿ ಎಳೆ ಹರಿದಿದೆಯೋ ಅಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಗೇಣಿನಲ್ಲಿ ತೀರಾ ಹೆಚ್ಚು ಎಳೆ ಹರಿದಿದ್ದರೆ ಅಷ್ಟನ್ನೂ ಉಳಿಯಿಂದ ಕಡಿದು ಎಸೆಯುವುದು, ಉಳಿದದ್ದಕ್ಕೆ ಹೊಸ ಕುಣಿಕೆ ಹಾಕುವುದು. ನಾನು ನೋಡನೋಡುತ್ತ ಹೀಗೆ ಮೂರು ಸಲ ಕಡಿದರು. ಹಗ್ಗ ಅರ್ಧಕ್ಕಿಂತ ಗಿಡ್ಡವಾಯಿತು.

ಗಿಡ್ಡವಾದರೆ ಏನಾಗುತ್ತದೆ ಎಂದು ನಾನು ಒಮ್ಮೆ ಕೇಳಿದ್ದೆ. ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು. ಭಾರದ ಗಾಡಿಯನ್ನು ಎಳೆಯುವಾಗ ಅದರ ಮೂಗಿಗೆ ಒಂದು ರಾಟಿ ಕಟ್ಟಿ, ಹಗ್ಗವನ್ನು ಅದರ ಸುತ್ತ ಹಾಯಿಸಿ ತಿರುಗಿ ತಮ್ಮ ಲಾರಿಗೇ ತಂದು ಕಟ್ಟುತ್ತಾರೆ. ಆಗ ಹಗ್ಗ ಎರಡು ಸಾಲಾಗಿ, ಎರಡರ ಮೇಲೂ ಭಾರ ಹಂಚಿಹೋಗುತ್ತದೆ. ಹಗ್ಗ ಗಿಡ್ಡವಾದರೆ ಅದು ತಿರುಗಿ ಮುಟ್ಟುವುದಿಲ್ಲ. ಒಂದೇ ಸಾಲಿನಲ್ಲಿ ಎಳೆಯಬೇಕು, ಪೂರಾ ಭಾರ ಅದರ ಮೇಲೆಯೇ ಬೀಳುತ್ತದೆ.

"ಈ ಹಗ್ಗ ಮುದುಕ ಆಗ್ಯಾದ, ಮುನಶಿ. ಒಂದು ಮಳಿಗಾಲ ಹೊತ್ತೀತು. ಎರಡು ಹೊರಂಗಿಲ್ಲ. ಅದಕ್ಕ ಅರ್ಜಿ ಬರದೀನಿ."

ಅರ್ಜಿ ನನ್ನ ಕೈಗೆ ಬಂದಿತ್ತು. ಉರ್ದುವಿನಲ್ಲಿ ನಾಲ್ಕು ಪುಟ. ಹಗ್ಗದ ಯಾವ ಮೊಳದಲ್ಲಿ ಎಷ್ಟು ಎಳೆ ಹರಿದಿದೆ, ಯಾವ ದಿನ ಎಷ್ಟು ಕಡಿದದ್ದು, ಹೊಸ ಹಗ್ಗ ಎಷ್ಟು ಉದ್ದ ಬೇಕು, ಎಲ್ಲ ಸ್ವಚ್ಛ ಅಕ್ಷರದಲ್ಲಿತ್ತು. ಹೊಸದಾಗಿ ಬಂದಿದ್ದ ಸಾಹೇಬರು ಹೊರಗಿನವರು, ಒಳ್ಳೆಯವರು, ಉರ್ದು ಬಾರದವರು. ಉರ್ದುವಿನ ಯಾವ ಕಾಗದ ಬಂದರೂ ಅದಕ್ಕೆ ಇಂಗ್ಲಿಷ್ ತರ್ಜುಮೆ ಸೇರಿಸಿ ಮೇಜಿಗೆ ಇಡಬೇಕೆಂದು ಹೇಳಿದ್ದರು. ತರ್ಜುಮೆ ಮಾಡುವವನು ನಾನು. ನನ್ನ ಮೇಜಿನ ಮೇಲೆ ಅಂಥ ಕಾಗದಗಳ ಗುಡ್ಡೆಯಿತ್ತು. ಅರ್ಧ ಪುಟದವನ್ನು ಮೊದಲು ಮುಗಿಸುತ್ತಿದ್ದೆ. ನಾಲ್ಕು ಪುಟದ್ದನ್ನು ಓದಿ ನೋಡಿ, ಮುದುಕನ ಪುರಾಣ ಎಂದುಕೊಂಡು, ಮೇಜಿನ ಖಾನೆಯ ಅಡಿಗೆ ಹಾಕಿದೆ.

ಇಷ್ಟೇ. ಯಾರೂ ಹೇಳಿಕೊಡಲಿಲ್ಲ, ಯಾವ ದ್ವೇಷವೂ ಇರಲಿಲ್ಲ. ಬೇಸರ, ಸೋಮಾರಿತನ.

ಪ್ರತಿ ಶುಕ್ರವಾರ ಹಗ್ಗ ಒರೆಸಿ ಮುಗಿಸಿದ ಮೇಲೆ ಅವರು ನನ್ನ ಕಿಟಕಿಗೆ ಬರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ, ಕೈ ಗ್ರೀಸಾಗಿರುತ್ತಿತ್ತು.

"ಮುನಶಿ, ನಮ್ಮ ಕಾಗದ ಏನಾತ್ರಿ?"

ಮೊದಲ ಶುಕ್ರವಾರವೇ ನಾನು ಹೇಳಿದೆ: "ಹೋಗ್ಯಾದ ಉಸ್ತಾದ್. ಮ್ಯಾಲ ಹೋಗ್ಯಾದ."

ಗುಮಾಸ್ತರಾದವರಿಗೆ ಈ ಮಾತು ಉಸಿರಾಡಿದಷ್ಟು ಸಲೀಸು. ಒಂದು ವಾರದಲ್ಲಿ ಬರೆದು ಕಳಿಸಿದರೆ ಸುಳ್ಳು ನಿಜವಾಗಿ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಎರಡನೆಯ ಶುಕ್ರವಾರವೂ ಅದೇ ಹೇಳಿದೆ, ಐದನೆಯ ಶುಕ್ರವಾರವೂ ಅದೇ. ಹೇಳಿದಷ್ಟು ಸಲ ಆ ಕಾಗದವನ್ನು ಹೊರಗೆ ತೆಗೆಯುವುದು ಕಷ್ಟವಾಗುತ್ತ ಹೋಯಿತು. ಈಗ ಕಳಿಸಿದರೆ ಇಂದಿನ ತಾರೀಖು ಬೀಳುತ್ತದಲ್ಲ. ಆರು ತಿಂಗಳು ಹೀಗೇ ಕಳೆದವು. ಉಸ್ತಾದರು ನನ್ನ ಮೇಲೆ ಒಮ್ಮೆಯೂ ಸಿಟ್ಟಾಗಲಿಲ್ಲ. ಕಡೆಕಡೆಗೆ ಕೇಳುವ ಧಾಟಿ ಮಾತ್ರ ಬದಲಾಯಿತು. "ಮ್ಯಾಲಿನವರು ಏನೂ ಅನ್ನಲಿಲ್ಲೇನು?" ಎನ್ನುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸಿದರೆ, "ಖೈರ್, ಇರ್ಲಿ" ಎಂದು ಹೋಗುತ್ತಿದ್ದರು. ಆ ಮೇಲಿನವರ ಬಗ್ಗೆ ಅವರ ಮನಸ್ಸಿನಲ್ಲಿ ಏನು ಕಟ್ಟಿಕೊಳ್ಳುತ್ತಿತ್ತೆಂದು ನಾನು ಯೋಚಿಸಲೇ ಇಲ್ಲ.

ಆ ವರ್ಷ ಮಳೆ ಬೇಗ ಹಿಡಿಯಿತು. ಕಕ್ಕೇರಾ ಆಚೆಯ ಎರಡು ಮೂರು ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಿತೆಂದು ಸುದ್ದಿ ಬಂತು. ಔಷಧಿ ಪೆಟ್ಟಿಗೆ, ಸುಣ್ಣದ ಚೀಲ, ಒಬ್ಬ ಡಾಕ್ಟರು, ಒಬ್ಬ ಕಂಪೌಂಡರ್ ತುಂಬಿಕೊಂಡು ಸುರಪುರದಿಂದ ಹೊರಟ ಲಾರಿ ಕಕ್ಕೇರಾ ದಾಟಿದ ಮೇಲೆ ಒಂದು ಹಳ್ಳದಲ್ಲಿ ಸಿಕ್ಕಿಬಿತ್ತು. ನಮ್ಮನ್ನು ಕರೆದರು. ಸಾಹೇಬರು ಯಾದಗಿರಿಗೆ ಹೋಗಿದ್ದರು, ಆಫೀಸಿನ ಪರವಾಗಿ ನಾನೇ ಉಸ್ತಾದರ ಜೊತೆ ಹೊರಟೆ. ಸುರಪುರ ದಾಟಿದ ಮೇಲೆ ಅವರು, "ಅದು ಎಷ್ಟು ಭಾರ ಅದ ಅಂತ ಕೇಳಿರೇನು?" ಎಂದರು. ನಾನು ಕೇಳಿರಲಿಲ್ಲ. ಪಶ್ಚಿಮಕ್ಕೆ ಮೋಡ ಕಪ್ಪಾಗಿ ಕೂತಿತ್ತು.

ಹಳ್ಳದ ದಂಡೆಯಲ್ಲಿ ಊರಿನ ನಲವತ್ತು ಐವತ್ತು ಜನ ಸೇರಿದ್ದರು. ಲಾರಿ ನೀರು ದಾಟಿ ಆಚೆಯ ಏರು ಹತ್ತುವಾಗ ಅರ್ಧಕ್ಕೆ ಕೂತಿತ್ತು. ಮೂಗು ಮೇಲೆ, ಹಿಂಭಾಗ ಹಳ್ಳದ ಕಡೆ, ಹಿಂದಿನ ಚಕ್ರಗಳು ಅಚ್ಚಿನವರೆಗೆ ಕೆಸರಿನಲ್ಲಿ. ನಾವು ಮೇಲೆ ಬೇರೆ ದಾರಿಯಲ್ಲಿ ಸುತ್ತಿ ಏರಿನ ತಲೆಯ ಮೇಲೆ ಬಂದು ನಿಂತೆವು. ಉಸ್ತಾದ್ ಇಳಿದು ಹೋಗಿ ಲಾರಿಯನ್ನು ಒಂದು ಸುತ್ತು ಹಾಕಿದರು. ಪೆಟ್ಟಿಗೆ, ಚೀಲ ಎಲ್ಲ ಇಳಿಸಿ ದಂಡೆಯ ಮೇಲೆ ಇಡಿಸಿದರು. ಚಕ್ರದ ಮುಂದಿನ ಮಣ್ಣು ಸಲಿಕೆಯಿಂದ ತೆಗೆಸಿದರು. ಆಮೇಲೆ ಹಗ್ಗ ಎಳೆದುಕೊಂಡು ಹೋಗಿ ಮೂಗಿಗೆ ಹಿಡಿದು ನೋಡಿದರು. ಒಂದು ಸಾಲಿಗೆ ಸರಿಯಾಯಿತು. ತಿರುಗಿ ಬರಲು ಅರ್ಧ ದಾರಿಯಷ್ಟೂ ಹಗ್ಗವಿರಲಿಲ್ಲ. ಅವರು ಕೈಯಲ್ಲಿದ್ದ ರಾಟಿಯನ್ನು ತಿರುಗಿ ನಮ್ಮ ಲಾರಿಯಲ್ಲಿ ಹಾಕಿದರು.

"ನಾಳೆತನಾ ಬಿಡೂಣೇನ್ರಿ?" ಎಂದೆ. ಯಾಕೆ ಹಾಗೆ ಕೇಳಿದೆನೆಂದು ನನಗೊಬ್ಬನಿಗೇ ಗೊತ್ತಿತ್ತು.

ಅವರು ಮೋಡದ ಕಡೆ ಗದ್ದ ಎತ್ತಿದರು. "ಮ್ಯಾಲ ಮಳಿ ಹೊಡದಾದ. ಹಳ್ಳ ಬಂತಂದ್ರ ನಾಳಿಗಿ ಈ ಲಾರಿ ಇಲ್ಲಿರಂಗಿಲ್ಲ. ಡಾಕ್ಟರ್ ಸಾಬ್ ಮುಂದಿನ ಊರಿಗಿ ಹ್ಯಾಂಗ ಹೋಗ್ಬೇಕು? ಎಳೀತೀನಿ. ಮೆತ್ತಗ ಎಳೀತೀನಿ."

ಸರಪಳಿ, ಗೋಣಿಚೀಲ, ಬಾನೆಟ್, ಎಲ್ಲ ಕ್ರಮದಂತೆ ಆಯಿತು. ನಮ್ಮ ಕಂಬಳಿ ಹರಿದಿತ್ತು. ಊರಿನ ಒಬ್ಬ ಹಿರಿಯ ರೈತ, ಕುರಿಯೂ ಇದ್ದವನು, ತನ್ನ ಕಂಬಳಿ ಕೊಟ್ಟ. ಅದನ್ನು ನೆನೆಸಿ ಹಗ್ಗದ ನಡುವೆ ಹೊದಿಸಿದರು. ಸುಣ್ಣದ ಗೆರೆ ಎಳೆದರು. ಸಿಕ್ಕಿಬಿದ್ದ ಲಾರಿಯ ಡ್ರೈವರ್ ಒಳಗೆ ಸ್ಟಿಯರಿಂಗ್ ಹಿಡಿದು ಕೂತ. ಅವನೊಬ್ಬನನ್ನು, ನಮ್ಮ ಲಾರಿಯೊಳಗಿದ್ದ ನಮ್ಮಿಬ್ಬರನ್ನು ಬಿಟ್ಟು ಎಲ್ಲರೂ ಗೆರೆಯ ಆಚೆ. ಉಸ್ತಾದ್ ಜನರಿಗೆ ಎರಡೆರಡು ಸಲ ಹೇಳಿದರು. ಎಲ್ಲರೂ "ಹೂನ್ರಿ, ಹೂನ್ರಿ" ಎಂದರು.

ವಿಂಚ್ ತಿರುಗಿತು. ಹಗ್ಗ ನೆಲ ಬಿಟ್ಟು ಎದ್ದಿತು, ಕಿರುಗುಟ್ಟಿತು. ಲಾರಿ ಒಂದು ಮೊಳ ಬಂತು, ಎರಡು ಮೊಳ ಬಂತು, ಹಿಂದಿನ ಚಕ್ರ ಕೆಸರಿನಿಂದ ಬಿಡಿಸಿಕೊಂಡು ಏರಿಗೆ ಬಂದಿತು. ಈಗ ಅದನ್ನು ಹಿಡಿದಿದ್ದು ನೆಲವಲ್ಲ, ಹಗ್ಗ ಮಾತ್ರ. ಆಗ ಹಗ್ಗ ನಡುಗಿ, ಮೇಲಿನ ಕಂಬಳಿ ಜಾರಿ ಇಳಿಜಾರಿಗೆ ಸರಿಯಿತು.

ಕಂಬಳಿ ಕೊಟ್ಟ ರೈತ ಅದನ್ನು ಕಂಡ. ಅವನ ವಸ್ತು, ಅವನ ಜವಾಬ್ದಾರಿ. ಸುಣ್ಣದ ಗೆರೆಯನ್ನು ಆರಾಮಾಗಿ ದಾಟಿ ಒಳಗೆ ನಡೆದು, ಕಂಬಳಿಯನ್ನು ಎಳೆದು ಮೊದಲಿನ ಜಾಗಕ್ಕೆ ಸರಿಪಡಿಸಿದ. ಅಷ್ಟಕ್ಕೇ ತಿರುಗಿ ಬಂದಿದ್ದರೆ ಮುಗಿಯುತ್ತಿತ್ತು. ಆದರೆ ಅವನು ಜೀವಮಾನವಿಡೀ ಬಾವಿಯ ಮೇಲೆ ಮಟ್ಟಿ ಹೊಡೆದವನು. ನಮ್ಮ ಕಡೆ ಎತ್ತು ಕಟ್ಟಿ ತೊಗಲಿನ ಮಟ್ಟಿಯಿಂದ ನೀರೆತ್ತುವುದನ್ನು ನೋಡಿದವರಿಗೆ ಗೊತ್ತು. ಎತ್ತುಗಳು ಇಳಿಜಾರಿಗೆ ಇಳಿಯುವಾಗ ಹೊಡೆಯುವವನು ಹಾರಿ ಬಿಗಿದ ಹಗ್ಗದ ಮೇಲೆ ಕೂರುತ್ತಾನೆ. ಅವನ ಮೈಭಾರ ಎತ್ತುಗಳಿಗೆ ಆಸರೆ. ಮುಂದೆ ಇಳಿಜಾರು, ಬಿಗಿದ ಹಗ್ಗ, ಹಗ್ಗದ ತುದಿಗೆ ಬಾರದ ಭಾರ. ಅವನ ಮೈಗೆ ಮುಂದಿನದು ತಾನಾಗಿ ಹೊಳೆಯಿತು. ಕಂಬಳಿಯ ಮೇಲೆ ಒಂದು ಕೈ ಊರಿ, ಹಗ್ಗದ ಮೇಲೆ ಕೂತೇಬಿಟ್ಟ. ಗೆರೆಯ ಆಚೆಯ ಜನ "ಹಾಂ, ಹಂಗ" ಎಂದು ಮೆಚ್ಚಿದರು.

ಬಾನೆಟ್ ಎತ್ತಿದ್ದರಿಂದ ಉಸ್ತಾದರಿಗೆ ಮುಂದೆ ಕಾಣುತ್ತಿರಲಿಲ್ಲ, ಪಕ್ಕಕ್ಕೆ ಬಾಗಿ ನೋಡುತ್ತಿದ್ದರು. ನೋಡಿದರು. ವಿಂಚ್ ನಿಂತಿತು. ಅವರು ಅದಕ್ಕೆ ತಡೆ ಹಾಕಿ ಬಿಗಿದರು. ಹಗ್ಗ ಸಡಿಲಿಸುವ ಹಾಗಿರಲಿಲ್ಲ. ಸಡಿಲಿಸಿದರೆ ಲಾರಿ ಡ್ರೈವರನ ಸಮೇತ ಹಿಂದೆ ಹಳ್ಳಕ್ಕೆ ಹೋಗುತ್ತದೆ. ಕೂಗುವ ಹಾಗೂ ಇರಲಿಲ್ಲ. ಕೂಗಿದರೆ ರೈತ ಬೆಚ್ಚಿ ಹಾರುತ್ತಾನೆ, ಹಗ್ಗಕ್ಕೆ ಜಗ್ಗು ಬೀಳುತ್ತದೆ. ನಾನು ಲಾರಿಯೊಳಗೆ ಅವರ ಪಕ್ಕದಲ್ಲೇ ಕೂತಿದ್ದೆ. ನನ್ನ ಕೈ ತೆಗೆದುಕೊಂಡು ತಡೆಯ ಹಿಡಿಕೆಯ ಮೇಲಿಟ್ಟರು.

"ಇದನ್ನ ಒತ್ತಿ ಹಿಡೀರಿ. ಏನಾದ್ರೂ ಕೈ ಬಿಡಬ್ಯಾಡ್ರಿ. ತಲಿ ತಗದು ನೋಡಬ್ಯಾಡ್ರಿ."

"ಉಸ್ತಾದ್, ನೀವು..."

ಅವರು ಇಳಿದು ಹೋದರು. ನಾನು ತಲೆ ತೆಗೆದು ನೋಡಿದೆ. ಇಪ್ಪತ್ತು ವರ್ಷ ಯಾರನ್ನೂ ನಿಲ್ಲಗೊಡದ ಜಾಗದಲ್ಲಿ ಅವರು ಹಗ್ಗದ ಪಕ್ಕಕ್ಕೇ, ಅವಸರವಿಲ್ಲದೆ, ಹೆಜ್ಜೆ ಎಣಿಸಿದಂತೆ ನಡೆದರು. ಹಗ್ಗ ಕಿರುಗುಟ್ಟುವುದನ್ನು ನಿಲ್ಲಿಸಿತ್ತು. ಆ ಸದ್ದು ನನಗೆ ಕೇಳಿಸದ ಹಾಗೆ ಅವರಿಗೂ ಕೇಳಿಸುತ್ತಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ನಡೆದರು. ರೈತನ ಮುಂದೆ ನಿಂತು, ಬಾವಿಯ ಮೇಲೆ ಒಬ್ಬರಿಗೊಬ್ಬರು ಮಾತಾಡುವ ದನಿಯಲ್ಲಿ ಹೇಳಿದರು:

"ಯಜಮಾನ್ರ, ಮಟ್ಟಿ ಮ್ಯಾಲ ಬಂದಾದ. ಮೆತ್ತಗ ಇಳೀರಿ. ಅತ್ತಾಗ ಹೋಗಿ ನೀರು ನೋಡ್ರಿ."

ರೈತನಿಗೆ ಅದು ಅರ್ಥವಾಗುವ ಮಾತು. ಮೆತ್ತಗೆ ಇಳಿದ, ಹಲ್ಲು ಬಿಟ್ಟು ನಕ್ಕ, ಗೆರೆಯ ಕಡೆಗೆ ನಡೆದ. ಅವನು ಗೆರೆ ದಾಟುವವರೆಗೂ ಉಸ್ತಾದ್ ಅಲ್ಲಿಂದ ಕದಲಲಿಲ್ಲ, ಅವನಿಗೂ ಹಗ್ಗಕ್ಕೂ ನಡುವೆ ನಿಂತೇ ಇದ್ದರು. ಆಮೇಲೆ ತಾವು ಹೊರಡಲು ತಿರುಗಿದರು. ಎರಡು ಹೆಜ್ಜೆ ಇಟ್ಟಿರಬೇಕು.

ಏಟು ಕೇಳಿತು. ಬಾನೆಟ್ಟಿನ ತಗಡು ಅರ್ಧಕ್ಕೆ ಮಡಚಿಕೊಂಡು ನನ್ನ ಮುಂದೆ ಬಿತ್ತು. ಲಾರಿ ಹಿಂದಕ್ಕೆ ಜಾರಿ ಒಂದು ಬಂಡೆಗೆ ತಾಗಿ ನಿಂತಿತು, ಡ್ರೈವರ್ ಹಾರಿಕೊಂಡ, ಉಳಿದ. ಉಸ್ತಾದರ ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಡಾಕ್ಟರು ಅಲ್ಲೇ ಇದ್ದದ್ದು, ಔಷಧಿ ಪೆಟ್ಟಿಗೆಗಳು ದಂಡೆಯ ಮೇಲೆ ಇದ್ದದ್ದು ಅವರ ಜೀವ ಉಳಿಸಿತು. ಊರವರು ಉಳಿದ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಮುಂದಿನ ಹಳ್ಳಿಗಳಿಗೆ ಮುಟ್ಟಿಸಿದರು. ಆ ರೈತ ಕಂಬಳಿಯನ್ನು ಉಸ್ತಾದರಿಗೆ ಹೊದಿಸಿ, ಏನಾಯಿತೆಂದು ತಿಳಿಯದೆ, ಸಿಕ್ಕಸಿಕ್ಕವರ ಮುಖ ನೋಡುತ್ತ ಕೂತಿದ್ದ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ನಾನು ಆ ನಾಲ್ಕು ಪುಟ ತೆಗೆದೆ. ಕೂತು ಇಂಗ್ಲಿಷಿಗೆ ಇಳಿಸಿದೆ. ಆರು ತಿಂಗಳು ಆಗದ ಕೆಲಸಕ್ಕೆ ಒಂದೂವರೆ ತಾಸು ಸಾಕಾಯಿತು. ಅದನ್ನು ಮೇಜಿನ ಮೇಲಿದ್ದ ಬೇರೆ ಕಾಗದಗಳ ನಡುವೆ ಸೇರಿಸಿದೆ. ಸಾಹೇಬರು ಯಾದಗಿರಿಯಿಂದ ಬಂದು ಓದಿದರು, ಹಣೆ ಒತ್ತಿಕೊಂಡರು. "ಇಂಥ ಕಾಗದ ಇಷ್ಟು ತಡವಾಗಿ ಬಂತೇ," ಎಂದರು. ಎಲ್ಲಿ ತಡವಾಯಿತೆಂದು ಕೇಳಲಿಲ್ಲ. ಆ ದಿನಗಳಲ್ಲಿ ಎಲ್ಲವೂ ಎಲ್ಲೋ ತಡವಾಗುತ್ತಿತ್ತು. ಅಲ್ಲೇ ಸಹಿ ಹಾಕಿ ಕಳಿಸಿದರು. ಇಪ್ಪತ್ತು ದಿನದಲ್ಲಿ ಹೊಸ ಹಗ್ಗ ಬಂತು. ಕೇಳಿದ್ದರೆ ಕೊಡುತ್ತಿದ್ದರು ಎಂಬುದು ಆಗ ಗೊತ್ತಾದದ್ದು ಆಫೀಸಿನಲ್ಲಿ ನನ್ನೊಬ್ಬನಿಗೆ. ಆ ಹಗ್ಗವನ್ನು ಹೊರಗಿನಿಂದ ಬಂದ ಹೊಸ ಡ್ರೈವರನ ವಶಕ್ಕೆ ಕೊಡಲಾಯಿತು, ಆ ಕಾಗದವನ್ನೂ ನಾನೇ ಬರೆದೆ.

ಹೇಳಬೇಕೆಂದು ಹಲವು ಸಲ ಹೊರಟೆ. ಆಸ್ಪತ್ರೆಗೆ ಹೋದಾಗ ಅವರು ನನ್ನನ್ನು ಕಂಡು ಎರಡೂ ಕೈ ಎತ್ತಿ ಬೆರಳು ತೋರಿಸಿದರು, ನಾನು ಅತ್ತುಬಿಟ್ಟೆ. ಅವರೇ ನನಗೆ ಸಮಾಧಾನ ಹೇಳಿ ಕಳಿಸಿದರು. ಆಮೇಲೆ ನನ್ನ ಹೆಂಡತಿ ಬಸುರಿ. ಆಮೇಲೆ ನನ್ನ ಕಾಯಂ ಆಗುವ ಕಾಗದ ಹೊರಡುವುದರಲ್ಲಿತ್ತು. ಹೇಡಿಗೆ ನೆಪಗಳು ಹುಡುಕದೆ ಸಿಗುತ್ತವೆ.

ಒಂದು ವರ್ಷ ಕಳೆದ ಮೇಲೆ ಸಾಹೇಬರೇ ಕರೆದು ಹೇಳಿದರು, ಎಳೆಯುವ ಲಾರಿಗೆ ಒಬ್ಬ ಸಹಾಯಕ ಬೇಕು, ಉಸ್ತಾದರ ಮಗನಿಗೆ ಕೊಡೋಣ, ಅರ್ಜಿ ಬರೆಸಿಕೊಂಡು ಬನ್ನಿ ಎಂದು. ನನಗೆ ದೇವರೇ ಬಂದು ದಾರಿ ತೋರಿದಂತಾಯಿತು. ಅರ್ಜಿಯ ಕಾಗದವನ್ನು ನಾನೇ ಇಂಗ್ಲಿಷಿನಲ್ಲಿ ಬರೆದು, ಸಹಿಗೆ ಜಾಗ ಬಿಟ್ಟು, ರಂಗಂಪೇಟೆಗೆ ಹೋದೆ. ಈ ಸಲ ಎಲ್ಲ ಹೇಳಿಬಿಡುತ್ತೇನೆಂದು ಗಟ್ಟಿ ಮಾಡಿಕೊಂಡೇ ಹೋದೆ.

ಉಸ್ತಾದ್ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಕಂಕುಳಲ್ಲಿ ಇಟ್ಟುಕೊಳ್ಳುವ ಕೋಲು. ಅಂಗಿಯ ಮೇಲಿನ ಗುಂಡಿ ಹಾಕಿತ್ತು. ಮಗ ಒಳಗಿಂದ ಬಂದು ಬಾಗಿಲಿಗೆ ಒರಗಿ ನಿಂತ. ಇಪ್ಪತ್ತು ದಾಟಿದವನು, ತಂದೆಯ ಜೊತೆ ಆ ಲಾರಿಯ ಕೆಳಗೆ ಮಲಗಿ ನಟ್ಟು ಬೋಲ್ಟು ಕಲಿತವನು. ನಾನು ಬಂದ ಕಾರಣ ಹೇಳಿದಾಗ ಅವನ ಮುಖ ಅರಳಿದ್ದನ್ನು ನೋಡಿದೆ. ಉಸ್ತಾದ್ ಕಾಗದ ತೆಗೆದುಕೊಂಡು, ಓದಲು ಬಾರದ ಆ ಅಕ್ಷರಗಳನ್ನು ಮೇಲಿಂದ ಕೆಳಗೆ ನೋಡಿ, ತಿರುಗಿ ನನ್ನ ಕೈಗೆ ಕೊಟ್ಟರು.

"ನಿಮ್ಮ ಮನಸ್ಸು ಚಲೋ ಅದ, ಮುನಶಿ, ಅದಕ್ಕ ತಂದೀರಿ. ಆದ್ರ ಬ್ಯಾಡ."

"ಯಾಕ್ರಿ ಉಸ್ತಾದ್? ಸಾಹೇಬ್ರೇ ಹೇಳ್ಯಾರ."

"ನಿಮ್ಮ ಸಾಹೇಬ್ರು ಹೇಳ್ಯಾರ. ಅವರ ಮ್ಯಾಲ? ನನ್ನ ಕಾಗದ ನೀವು ಕಳಸಿದ್ರಿ. ಮ್ಯಾಲ ಹೋಗಿ ಆರು ತಿಂಗಳು ಕುಂತಿತ್ತು. ಯಾಕ ಕುಂತಿತ್ತು, ಹೇಳ್ರಿ? ಹಗ್ಗ ಇರಲಿಲ್ಲಂತಲ್ಲ. ನನ್ನ ಕಾಲು ಹೋಗಿ ಇಪ್ಪತ್ತು ದಿನದಾಗ ಬಂತಲ್ಲ. ಕೆಳಗ ನನ್ನ ಹೆಸರು ಇತ್ತು, ಅದಕ್ಕ ಕುಂತಿತ್ತು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸರಪಳಿ ಹೇಗೆ ಬಿಗಿಯಬೇಕೆಂದು ಹೇಳುವಾಗಿನ ತಾಳ್ಮೆಯೇ ಇತ್ತು. "ಜನ ಬಂದು ಏನೇನೋ ಅನ್ನೋರು, ಈ ಸರಕಾರ ನಮ್ಮದಲ್ಲ, ಹೋಗೂಣು ಅಂತ. ನಾ ನಂಬಲಿಲ್ಲ. ಗಾಡಿ ಎಳಿಯೋ ಮನಷ್ಯಾಗ ಯಾವ ಸರಕಾರಾದ್ರೇನು ಅಂತಿದ್ದೆ. ಈಗ ನಂಬ್ತೀನಿ. ನನ್ನ ಮಗನ ಹೆಸರು ಕೆಳಗ ಬರಿಯೋ ಕಾಗದ ಬ್ಯಾಡ. ಅಂವ ಮುಂದಿನ ವಾರ ಹೈದರಾಬಾದಿಗಿ ಹೋಗ್ತಾನ, ನಮ್ಮವರ ಗ್ಯಾರೇಜು ಅದ."

ಮಗ ಏನೋ ಹೇಳಲು ಹೋದ. ತಂದೆ ತಿರುಗಿ ನೋಡಿದರು. ಅವನು ಒಳಗೆ ಹೋಗಲಿಲ್ಲ. ನನ್ನನ್ನೇ ನೋಡುತ್ತ ನಿಂತ. ಕಾಗದ ಇನ್ನೂ ನನ್ನ ಕೈಯಲ್ಲಿತ್ತು. ಒಂದೇ ಮಾತು ಬೇಕಿತ್ತು. ಉಸ್ತಾದ್, ಆ ಕಾಗದ ಮೇಲೆ ಹೋಗಿರಲೇ ಇಲ್ಲ. ನನ್ನ ಖಾನೆಯಲ್ಲಿತ್ತು. ಮೇಲೆ ಯಾರೂ ನಿಮ್ಮ ಹೆಸರು ಓದಲಿಲ್ಲ. ಸಾಹೇಬರು ಓದಿದ ದಿನವೇ ಸಹಿ ಹಾಕಿದರು.

ಉಸ್ತಾದರ ಹೆಂಡತಿ ಚಾ ತಂದು ಕಟ್ಟೆಯ ಮೇಲೆ ಇಟ್ಟು ಹೋದರು. ನಾನು ಕುಡಿದೆ. ತಂದೆ, ಮಗ ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನಾನು ಬಾಯಿ ತೆರೆದೆ.

"ಚಾ ಭಾಳ ಚಲೋ ಆಗ್ಯಾದ್ರಿ," ಎಂದೆ.